ಏಣಿಯಮ್ಮನ ಅಳತೆ

ತಲೆ ಕೂತಿತು, ಬೆನ್ನು ಕೂತಿತು, ಕಾಲು ಮಾತ್ರ ಶವಪೆಟ್ಟಿಗೆಯ ಅಂಚಿನ ಮೇಲೆಯೇ ಉಳಿಯಿತು. ಎತ್ತಿ ಇಳಿಸುತ್ತಿದ್ದ ನಾಲ್ವರೂ ಮುಖ ಮುಖ ನೋಡಿಕೊಂಡರು. ಇನ್ನೊಮ್ಮೆ ಎತ್ತಿ, ತಲೆಯನ್ನು ಆದಷ್ಟು ಆಚೆ ಸರಿಸಿ ಇಳಿಸಿದರು. ಹಿಮ್ಮಡಿಗಳೆರಡೂ ಮತ್ತೆ ಹೋಗಿ ಅಂಚಿನ ಮೇಲೇ ಕೂತವು.

"ಐದಿಂಚು ಕಮ್ಮಿ ಬಿತ್ತು," ಎಂದ ಬಡಗಿ, ಅಳತೆ ಟೇಪು ಹಿಡಿದು. "ನನ್ನ ತಪ್ಪಲ್ಲಪ್ಪ. ಫೋನಲ್ಲಿ ಐದಡಿ ಎರಡಿಂಚು ಅಂದ್ರು. ನಾನು ಮೇಲೆ ಮೂರಿಂಚು ಸೇರಿಸಿಯೇ ಮಾಡಿದ್ದೀನಿ."

"ಯಾರು ಹಾಗಂದಿದ್ದು?" ಎಂದಳು ಮಗಳು.

ಎಲ್ಲರೂ ಮೂಲೆಯ ಕುರ್ಚಿಯತ್ತ ತಿರುಗಿದರು. ಅಲ್ಲಿ ಕೂತಿದ್ದವಳು ಸತ್ತವಳ ಗಂಡನ ಅಕ್ಕ. ಎಂಬತ್ತೆರಡು ವರ್ಷದ ಅವಳನ್ನು ಬೀದಿಯೆಲ್ಲ ದೊಡ್ಡಕ್ಕ ಎಂದೇ ಕರೆಯುತ್ತಿತ್ತು.

"ಅವಳ ಕಾರ್ಡಲ್ಲೇ ಇದೆಯಲ್ಲ, ನೋಡ್ಕೊಳ್ಳಿ," ಎಂದಳು ದೊಡ್ಡಕ್ಕ.

ಗುರುತಿನ ಕಾರ್ಡಿನಲ್ಲಿ ಇದ್ದದ್ದು ನಿಜ, ಅದಕ್ಕೆ ಆ ಎತ್ತರ ಬಂದದ್ದು ಮದುವೆ ಕಾಗದದಿಂದ. ನಲವತ್ತಾರು ವರ್ಷದ ಹಿಂದೆ ಆ ಕಾಗದದಲ್ಲಿ ಹಾಗೆ ಬರೆಸಿದವಳೂ ದೊಡ್ಡಕ್ಕನೇ. ತಮ್ಮ ಇದ್ದದ್ದು ಐದಡಿ ಎರಡಿಂಚು, ಹೆಂಡತಿಯಾಗುವವಳು ಅದಕ್ಕಿಂತ ಒಂದು ಕೂದಲೆಳೆಯೂ ಮೇಲಿರಕೂಡದು. ಅಷ್ಟು ವರ್ಷ ಹೇಳಿ ಹೇಳಿ ಆ ಸುಳ್ಳು ದೊಡ್ಡಕ್ಕನಿಗೇ ನಿಜವಾಗಿಬಿಟ್ಟಿತ್ತು. ಉಳಿದವರಿಗೆಲ್ಲ ಸತ್ಯ ಗೊತ್ತಿತ್ತು. ತಮ್ಮನ ಹೆಂಡತಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ತಿಂಗಳೊಳಗೆ, ಮೇಲಿನ ಸಾಲಿನ ಥಾನುಗಳನ್ನು ನಿಂತಲ್ಲಿಂದಲೇ ಇಳಿಸುವ ಇವಳನ್ನು ನೋಡಿ, ಮಾಲೀಕ ಅಂಗಡಿಯ ಏಣಿಯನ್ನೇ ಮಾರಿಬಿಟ್ಟಿದ್ದ. ಅಂದಿನಿಂದ ಅವಳು ಏಣಿಯಮ್ಮ.

"ಮಂಡಿ ಸ್ವಲ್ಪ ಮಡಚಿದ್ರಾಯ್ತು," ಎಂದಳು ದೊಡ್ಡಕ್ಕ. "ಮೇಲೆ ಬಟ್ಟೆ ಹೊದಿಸ್ತೀವಿ, ಯಾರಿಗೆ ಕಾಣುತ್ತೆ?"

ಬಾಡಿಗೆ ವ್ಯಾನಿನ ಡ್ರೈವರು ಬಾಗಿಲಲ್ಲಿ ಇಣುಕಿದ. "ನಾಲ್ಕಕ್ಕೆ ಸ್ಮಶಾನದ ಗೇಟು ಹಾಕ್ತಾರೆ. ಈಗಲೇ ಎರಡೂವರೆ."

ಅಷ್ಟೊತ್ತೂ ಕೂತಿದ್ದ ಗಂಡ ಎದ್ದು ನಿಂತ. ಬೂಟು ಹೊಲಿಯುವ ಅಂಗಡಿಯ ಅವನನ್ನು ಎಲ್ಲರೂ ಬೂಟಜ್ಜ ಎನ್ನುತ್ತಿದ್ದರು. ಎದ್ದರೂ ಕೂತಂತೆಯೇ ಕಾಣುವ ಆಳು.

"ಮಡಚೋದು ಬೇಡ."

"ಹೊತ್ತು ಮೀರ್ತಿದೆಯಲ್ಲೋ!"

"ಬೇಡ ಅಂದ್ನಲ್ಲ ಅಕ್ಕ. ಒಂದು ಸಲ ಮಡಚಿಸಿದ್ದು ಸಾಕು."

*

ಅಂದು ಮದುವೆ ಫೋಟೋಗೆಂದು ಸ್ಟುಡಿಯೋದಲ್ಲಿ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದಾಗ ಹುಡುಗನ ತಲೆ ಹುಡುಗಿಯ ಮೂಗಿನ ಕೆಳಗೇ ನಿಂತಿತು. ಅದೂ ಅವನು ತಾನೇ ಹೊಲಿದುಕೊಂಡ, ಎರಡಿಂಚು ಹಿಮ್ಮಡಿಯ ಬೂಟು ಹಾಕಿದ ಮೇಲೆ.

"ಮಂಡಿ ಮಡಚಿ ನಿಂತ್ಕೋ," ಎಂದಳು ದೊಡ್ಡಕ್ಕ. "ಬಟ್ಟೆ ನೆಲದವರೆಗೂ ಇದೆ, ಯಾರಿಗೆ ಕಾಣುತ್ತೆ?"

ಫೋಟೋದಲ್ಲಿ ತಲೆಗಳೆರಡೂ ಒಂದೇ ಮಟ್ಟಕ್ಕೆ ಬಂದವು. ಹುಡುಗಿಯ ಮುಖದಲ್ಲಿ ಮಾತ್ರ ನಗುವಿರಲಿಲ್ಲ, ತೊಡೆ ನಡುಗುತ್ತಿತ್ತು. ಆಮೇಲೆ ಮಂಡಿಯ ಸರದಿ ಮುಗಿದು ಬೆನ್ನಿನ ಸರದಿ ಬಂತು. ಗಂಡನ ಜೊತೆ ನಡೆಯುವಾಗ ಬಗ್ಗಿದಳು, ನೆಂಟರ ಮುಂದೆ ಬಗ್ಗಿದಳು, ಕೊನೆಗೆ ಮನೆಯಲ್ಲಿ ಒಬ್ಬಳೇ ಇದ್ದಾಗಲೂ ಬಗ್ಗಿಯೇ ಓಡಾಡಿದಳು. ಥಾನು ಇಳಿಸುವಾಗಷ್ಟೇ ಅವಳು ಪೂರ್ತಿ ಎತ್ತರವಾಗುತ್ತಿದ್ದದ್ದು.

*

"ಮಡಚಬೇಡಿ ಅಂದ್ರೆ ಹಲಗೆ ಬೇಕಲ್ಲ ಅಜ್ಜ," ಎಂದ ಬಡಗಿ. "ಅಂಗಡಿಗೆ ಹೋಗಿ ತರೋಷ್ಟರಲ್ಲಿ ಗೇಟು ಹಾಕಿರ್ತಾರೆ."

ಬೂಟಜ್ಜ ಅಡುಗೆಮನೆಯತ್ತ ಕೈ ತೋರಿಸಿದ. "ಮೇಲಿನ ಅರೆಯ ಹಲಗೆ ಬಿಚ್ಚು. ಅದು ಇನ್ನು ಯಾರಿಗೂ ಎಟುಕಲ್ಲ."

ಎಟುಕುವವಳು ಒಬ್ಬಳಿದ್ದಳು. ಅಮ್ಮನಷ್ಟೇ ಎತ್ತರದ ಮಗಳು ಕೈ ಚಾಚಿ ಅರೆಯ ಮೇಲಿದ್ದದ್ದನ್ನೆಲ್ಲ ಇಳಿಸತೊಡಗಿದಳು. ಮೊದಲು ಬಂದದ್ದು ಸಿಹಿ ಬಿಸ್ಕತ್ತಿನ ಡಬ್ಬಿ.

"ಅಪ್ಪಾ, ನಿಮ್ಮ ಸಕ್ಕರೆ ಕಾಯಿಲೆಗೆ ಹೆದರಿ ಅಮ್ಮ ಬಚ್ಚಿಟ್ಟಿದ್ದು ಇಲ್ಲಿದೆ!"

ಹಿಂದೆಯೇ ಒಂದು ಚಿಕ್ಕ ಹಿತ್ತಾಳೆ ಗಂಟೆ ಬಂತು. ಮಂಚದಲ್ಲಿ ಕೂತಲ್ಲಿಂದಲೇ ಟೀ ತರಿಸಲು ದೊಡ್ಡಕ್ಕ ದಿನಕ್ಕೆ ಹತ್ತು ಸಲ ಬಾರಿಸುತ್ತಿದ್ದ, ಮೂರು ವರ್ಷದ ಹಿಂದೆ ಮಂಗಮಾಯವಾದ ಗಂಟೆ.

ಮಗಳು ಅದನ್ನು ತಂದು ಕೊಟ್ಟಳು. ದೊಡ್ಡಕ್ಕ ಗಂಟೆಯನ್ನು ಮಡಿಲಲ್ಲಿಟ್ಟುಕೊಂಡು, ಪೆಟ್ಟಿಗೆಯ ಕಡೆ ನೋಡಿದಳು.

"ಅಯ್ಯೋ ಕಳ್ಳಿ! ಮನೆಯೆಲ್ಲ ಹುಡುಕಿದೆನಲ್ಲೇ. ಜೊತೆಗೆ ನೀನೂ ಮಂಚದ ಕೆಳಗೆ ತೂರಿ ಹುಡುಕಿದೆಯಲ್ಲೇ!"

ಮೊದಲು ನಕ್ಕವನು ಬೂಟಜ್ಜ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ದೊಡ್ಡಕ್ಕನಂತೂ ನಗುತ್ತ ನಗುತ್ತ ಅಳತೊಡಗಿದಳು. ಬೆಳಗಿನಿಂದ ಅವಳ ಕಣ್ಣಲ್ಲಿ ನೀರು ಬಂದದ್ದು ಅದೇ ಮೊದಲು.

ಕೊನೆಯಲ್ಲಿ ಮಗಳು ಕಾಗದ ಸುತ್ತಿದ ಪೊಟ್ಟಣವೊಂದನ್ನು ಇಳಿಸಿ ಅಪ್ಪನ ಕೈಗಿಟ್ಟಳು. ಬಿಚ್ಚಿದರೆ, ಎತ್ತರ ಹಿಮ್ಮಡಿಯ ಕೆಂಪು ಜೋಡು.

*

ಮದುವೆಯಾಗಿ ಏಳನೇ ವರ್ಷ. ಬೆನ್ನುನೋವೆಂದು ಹೋದವಳನ್ನು ಡಾಕ್ಟರು ಕೇಳಿದ್ದರು, "ಏನಮ್ಮ ಭಾರ ಹೊರ್ತೀರಿ?" ಅವಳು ಬೆನ್ನು ನೆಟ್ಟಗೆ ಮಾಡಿ ಎದ್ದಳು. ಅಲ್ಲಿಂದ ಗಂಡನ ಬೂಟಿನಂಗಡಿಯವರೆಗೂ ತಲೆಯೆತ್ತಿಕೊಂಡೇ ನಡೆದು ಬಂದಳು. ಬಾಗಿಲ ಮೇಲಿನ ಬೋರ್ಡಿಗೆ ಹಣೆ ಢಬ್ಬೆಂದು ಬಡಿಯಿತು.

"ಈ ಬೋರ್ಡು ಏಳು ವರ್ಷದಿಂದ ಇಲ್ಲೇ ಇತ್ತಾ?" ಎಂದು ಹಣೆ ಉಜ್ಜಿಕೊಂಡಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು: "ನೋಡಿ, ನಾನಿರೋದೇ ಇಷ್ಟುದ್ದ. ಇನ್ಮೇಲೆ ಇಷ್ಟುದ್ದವೇ ಇರ್ತೀನಿ. ಹೀಗಿದ್ರೇನೇ ನನಗೆ ನಾನು ಇಷ್ಟ. ನಿಮಗೆ ನಾಚಿಕೆ ಅನ್ಸಿದ್ರೆ ಈಗಲೇ ಹೇಳಿಬಿಡಿ."

ಅವನು ತಲೆಯೆತ್ತಿ ಅವಳನ್ನು ನೋಡಿದ, ನೋಡುತ್ತಲೇ ಇದ್ದ. ಆಮೇಲೆ ಬಗ್ಗಿ ತನ್ನ ಬೂಟಿನ ಲೇಸು ಬಿಚ್ಚತೊಡಗಿದ.

"ಏನ್ ಮಾಡ್ತಿದ್ದೀರಿ?"

"ಏಳು ವರ್ಷದಿಂದ ನನಗೂ ಕಾಲು ನೋಯ್ತಿದೆ ಕಣೇ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಒಳಗೆ ಬರಹೊರಟ ಗಿರಾಕಿಯೊಬ್ಬ ಹೆದರಿ ಹಾಗೇ ಹಿಂದೆ ಹೋದ. ಆ ವಾರವೇ ಅವನು ತನ್ನ ಬೂಟಿನ ಎರಡಿಂಚಿನ ಹಿಮ್ಮಡಿ ಕಿತ್ತು, ಅವಳಿಗಾಗಿ ಒಂದು ಕೆಂಪು ಜೋಡು ಹೊಲಿದು, ಅದರಡಿಗೆ ಬಡಿದ. ಖುಷಿಗೆಂದು ಹೊರಗೆ ಹೋಗುವ ದಿನ ಅವಳು ಅದನ್ನು ಹಾಕುತ್ತಿದ್ದಳು. ಪಕ್ಕದಲ್ಲಿ ಅವನು ತೆಳು ಚಪ್ಪಲಿ ಮೆಟ್ಟಿ, ಎದೆಯುಬ್ಬಿಸಿ ನಡೆಯುತ್ತಿದ್ದ.

*

ಬೂಟಜ್ಜ ಕೂತು ಜೋಡನ್ನು ತೋಳಿನಿಂದ ಒರೆಸಿ, ಹೆಂಡತಿಯ ಕಾಲಿಗೆ ಒಂದೊಂದಾಗಿ ಹಾಕಿದ. ಸಲೀಸಾಗಿ ಕೂತವು.

ಬಡಗಿ ಟೇಪು ಬಿಚ್ಚಿದ. ದೊಡ್ಡಕ್ಕ ಕುರ್ಚಿಯಿಂದೆದ್ದು ಬಂದು ಅದರ ತುದಿಯನ್ನು ಕಸಿದುಕೊಂಡಳು. ತಲೆಯ ಬಳಿ ತಾನೇ ಬಗ್ಗಿ ಹಿಡಿದು, ಕಾಲ ಬಳಿ ಬಡಗಿಯಿಂದ ಅಂಕಿ ಓದಿಸಿದಳು.

"ಎಷ್ಟು ಅಂತ ಬರ್ಕೊಳ್ಳಲಿ ದೊಡ್ಡಕ್ಕ?" ಎಂದ ಬಡಗಿ.

"ಆರಡಿ," ಎಂದಳು ದೊಡ್ಡಕ್ಕ. ಇನ್ನೊಮ್ಮೆ ಜೋರಾಗಿ ಹೇಳಿದಳು. "ಪೂರಾ ಆರಡಿ!"

ಮೂರೂವರೆಗೆ ವ್ಯಾನು ಹೊರಟಿತು. ಹಿಂದಿನ ಬಾಗಿಲು ಮುಚ್ಚಲಾಗಲಿಲ್ಲ. ಪೆಟ್ಟಿಗೆಯ ಕಾಲ ಕಡೆಗೆ ಸೇರಿಸಿ ಬಡಿದ, ಬಿಸ್ಕತ್ತು ಡಬ್ಬಿಯ ದುಂಡು ಕಲೆಯಿದ್ದ ಅಡುಗೆಮನೆ ಹಲಗೆ ಒಂದು ಗೇಣು ಹೊರಗೇ ಚಾಚಿಕೊಂಡಿತ್ತು. ಅದರ ಮೇಲೆ ಕೈಯಿಟ್ಟು, ಕಾಲು ಇಳಿಬಿಟ್ಟು ಬೂಟಜ್ಜ ಕೂತಿದ್ದ. ಮುಂದೆ ಡ್ರೈವರಿನ ಪಕ್ಕದ ಕಿಟಕಿಯಿಂದ ಸುಕ್ಕುಗಟ್ಟಿದ ಕೈಯೊಂದು ಹೊರಬಂದು, ಬೀದಿಯುದ್ದಕ್ಕೂ ಹಿತ್ತಾಳೆ ಗಂಟೆ ಬಾರಿಸುತ್ತ ದಾರಿ ಬಿಡಿಸುತ್ತಿತ್ತು.