ಹಬೆ ಕಾಣದ ಗೂಡು

"ತೆಗಿಯೇ ಕೈನಾ, ಮುಂಡೆ! ಹುಳದ ನೀರು ಮುಟ್ಟಿದ ಕೈಲಿ ಅದನ್ನ ಮುಟ್ತೀಯಾ?"

ಸಾಹುಕಾರ ರಾಮಲಿಂಗಯ್ಯನ ಕೂಗಿಗೆ ದಾಸಮ್ಮ ಬೆರಳನ್ನು ಹಿಂದಕ್ಕೆ ಎಳೆದುಕೊಂಡಳು. ಮೇಜಿನ ಮೇಲೆ ಬಿಳಿಯ ಥರ್ಮಾಕೋಲಿನಲ್ಲಿ ಮಾಡಿದ ಒಂದು ಪುಟ್ಟ ಪೇಟೆಯಿತ್ತು. ಅವಳ ಬೆರಳು ತಗುಲಿದ ಕಡೆ, ಬೀದಿಯ ನಡುವೆ, ಒಂದು ತೇವದ ಗುರುತು ಉಳಿದಿತ್ತು. ಬೆಂಗಳೂರಿನಿಂದ ಬಂದಿದ್ದ ಇಂಜಿನಿಯರು ಕರವಸ್ತ್ರ ತೆಗೆದು ಅದನ್ನು ಒರೆಸಿದ.

"ನಮ್ಮ ಒಲೆಗೋಳು ಇದ್ರಾಗೆ ಎಲ್ಲಿ ಅವೆ ಅಂತ ಕೇಳ್ದೆ ಬುದ್ದಿ, ಅಷ್ಟೆಯ."

ಮಾಗಡಿಯ ಪೇಟೆಬೀದಿಯ ಹಿಂದಿನ ಆ ಓಣಿಯಲ್ಲಿ ಇಪ್ಪತ್ತೆರಡು ಒಲೆಗಳಿದ್ದವು. ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಒಲೆಗಳು. ಒಂದೊಂದು ಒಲೆಯ ಹಿಂದೆ ಒಂದೊಂದು ಗುಡಿಸಲು. ಒಲೆ, ಗುಡಿಸಲು, ಅವು ನಿಂತ ನೆಲ ಎಲ್ಲವೂ ರಾಮಲಿಂಗಯ್ಯನದು. ರೇಷ್ಮೆಗೆ ಬೆಲೆ ಏರಿದ ಆ ನಾಲ್ಕೈದು ವರ್ಷಗಳಲ್ಲಿ ಅವನ ಮನೆಗೆ ಎರಡು ಮಹಡಿ ಬಂದಿದ್ದವು, ಬಾಗಿಲಿಗೆ ಜೀಪು ಬಂದಿತ್ತು. ಈಗ ಓಣಿಯನ್ನು ಕೆಡವಿ ಹೊಸ ಪೇಟೆ ಕಟ್ಟಲು ಹೊರಟಿದ್ದ.

ಇಂಜಿನಿಯರು ಮೆದು ಮಾತಿನವನು. "ನೋಡಮ್ಮ, ಕೆಳಗೆಲ್ಲ ಅಂಗಡಿ, ಮೇಲೆ ಮನೆ. ಬೀದಿಯೊಳಗೆ ಗಾಡಿ ಬಿಡೋದೇ ಇಲ್ಲ. ಮೆಟ್ಟಿಲು ಇಳಿದರೆ ಪೇಟೆ. ಶಾಲೆ, ದೇವಸ್ಥಾನ, ಆಸ್ಪತ್ರೆ, ಎಲ್ಲಕ್ಕೂ ನಡೆದೇ ಹೋಗಬಹುದು. ಹತ್ತು ನಿಮಿಷ, ಅಷ್ಟೇ." ಬೀದಿಯ ತುಂಬ ಅಕ್ಕಿಕಾಳಿನಷ್ಟು ಎತ್ತರದ ಕಾಗದದ ಮನುಷ್ಯರನ್ನು ಅಂಟಿಸಿದ್ದ. ಎಲ್ಲರೂ ನಡೆಯುತ್ತಿದ್ದರು.

"ನಾವೆಲ್ಲಿ ಸ್ವಾಮಿ ಇದ್ರಾಗೆ?"

"ನಿಮಗೆ ಸಾವನದುರ್ಗದ ದಾರೀಲಿ ಜಾಗ ಕೊಡ್ತಾರಂತಲ್ಲ."

"ಅದು ಐದು ಮೈಲಿ ಆಯ್ತದೆ."

"ನಡೀರಿ," ಎಂದ ರಾಮಲಿಂಗಯ್ಯ. "ಒಸಿ ಕೊಬ್ಬಿಳೀತದೆ."

ಪಕ್ಕದಲ್ಲಿದ್ದ ಮೇಸ್ತ್ರಿ ಮುನಿಶಾಮಯ್ಯ ನಕ್ಕ. ಸಾಹುಕಾರ ಮಾತಾಡಿದಾಗ ನಗುವುದೂ ಅವನ ಕೆಲಸವೇ ಆಗಿತ್ತು.

ದಾಸಮ್ಮನ ಕಣ್ಣು ಕೆಂಪು ಗುರುತಿನ ಪುಟ್ಟ ಆಸ್ಪತ್ರೆಯ ಮೇಲೆ ನಿಂತಿತ್ತು. ಎರಡು ವರ್ಷದ ಹಿಂದೆ ಮಗಳು ಅಂಬಮ್ಮನನ್ನು ಊರಿನ ಅದೇ ಆಸ್ಪತ್ರೆಗೆ ನಡೆಸಿಕೊಂಡೇ ಹೋಗಿದ್ದಳು. ಕುದಿಯುವ ಬಾಣಲೆ ಮಗುಚಿ ಅಂಬಮ್ಮ ಸೊಂಟದಿಂದ ಕೆಳಗೆ ಬೆಂದಿದ್ದಳು. ಜೀಪು ಓಣಿಯ ಬಾಯಲ್ಲೇ ನಿಂತಿತ್ತು. ದಾಸಮ್ಮ ಸಾಹುಕಾರನ ಕಾಲು ಹಿಡಿದಳು. "ಸೀಟೆಲ್ಲ ಹುಳದ ನೀರಾಯ್ತದೆ. ಆಸ್ಪತ್ರೆ ಏನ್ ದೂರ ಐತಾ? ನಡೆಸ್ಕಂಡೋಗಿ," ಎಂದಿದ್ದ. ಒಂದು ಕಡೆ ದಾಸಮ್ಮ, ಇನ್ನೊಂದು ಕಡೆ ಪಕ್ಕದ ಒಲೆಯ ಖುರ್ಷಿದಾ ಹೆಗಲು ಕೊಟ್ಟರು. ಅಂಬಮ್ಮ ನಡೆದಳು. ಹೆಜ್ಜೆ ಹೆಜ್ಜೆಗೂ ಕಾಲಿನ ಚರ್ಮ ಸೀರೆಗೆ ಅಂಟಿಕೊಂಡು ಬರುತ್ತಿತ್ತು. ಮೂರನೆಯ ದಿನ ಅವಳ ಹೆಣವನ್ನೂ ಹೆಗಲ ಮೇಲೆಯೇ ತಂದರು.

"ಬಾಯಿ ಬುಟ್ಕಂಡು ಏನ್ ನೋಡ್ತೀಯೇ?" ಎಂದ ರಾಮಲಿಂಗಯ್ಯ. "ಸೋಮವಾರ ಗುದ್ದಲಿ ಪೂಜೆ. ಇವತ್ತು ರಾಮನಗರದಿಂದ ಗೂಡು ಬತ್ತದೆ. ಅಷ್ಟಕ್ಕೂ ಹಬೆ ಕೊಟ್ಟು ಗೂಡಿನ ಕೋಣೆ ತುಂಬ್ಸಿ. ಅದಾದ್ಮೇಕೆ ಒಲೆ ಕಿತ್ತಾಕದು. ಲೇ ಮುನಿಶಾಮಿ, ಈ ಪೇಟೆನೂ ಅದೇ ಕೋಣೆಗಿಟ್ಟು ಬೀಗ ಹಾಕ್ಲಾ. ಲೌಡೇರು ಮುಟ್ಬುಟ್ಟಾರು."

ಹಬೆ ಕೊಡುವುದು ಹದಿನೆಂಟು ವರ್ಷಗಳಿಂದ ದಾಸಮ್ಮನ ಕೆಲಸ. ಗೂಡಿನೊಳಗೆ ಹುಳ ಬದುಕಿರುತ್ತದೆ. ಹೊತ್ತಿಗೆ ಸರಿಯಾಗಿ ಹಬೆಯಲ್ಲಿ ಕೊಲ್ಲದಿದ್ದರೆ ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬೀಳುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬರುವುದಿಲ್ಲ. ಮೊದಲ ತಟ್ಟೆಯನ್ನು ಇಡುವ ಮುಂಚೆ ಅವಳು ಹಂಡೆಗೆ ಅರಿಶಿನ ಹಚ್ಚಿ, ಕೈಮುಗಿದು, "ತಪ್ಪಾಯ್ತು ಕಣ್ರವ್ವಾ, ಹೊಟ್ಟೆಪಾಡು," ಅನ್ನುತ್ತಿದ್ದಳು. ಅತ್ತೆ ಕಲಿಸಿದ್ದು. ಆ ಮಾತು ಹೇಳದೆ ಅವಳು ಒಂದು ದಿನವೂ ಬೆಂಕಿ ಹಚ್ಚಿದವಳಲ್ಲ.

ಮಧ್ಯಾಹ್ನ ಗೂಡು ಬಂತು. ಹೊಂಬಣ್ಣದ, ಗಟ್ಟಿಯಾದ ಗೂಡು. ದಾಸಮ್ಮ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲುಗಾಡಿಸಿದಳು. ಒಳಗಿನ ಭಾರ ತಿಳಿಯಿತು. ಮನಸ್ಸಿನಲ್ಲೇ ದಿನ ಎಣಿಸಿದಳು. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ. ಸೋಮವಾರದ ಬೆಳಗಿಗೆ ಸರಿಹೋಗುತ್ತದೆ.

ಹಂಡೆಗೆ ಅರಿಶಿನ ಹಚ್ಚಿದಳು. ಕೈಮುಗಿದಳು. ತಪ್ಪು ಒಪ್ಪಿಕೊಳ್ಳುವ ಮಾತು ಈ ಸಲ ಬಾಯಿಗೆ ಬರಲಿಲ್ಲ.

"ಖುರ್ಷಿದಾ, ಮ್ಯಾಗಳ ತಟ್ಟೆ ಮಾತ್ರ ಹಬೆಗಿಡು."

"ಮಿಕ್ಕಿದ್ದು?"

"ಮಿಕ್ಕಿದ್ದು ಹಂಗೇ ಕೋಣೆಗೆ."

ಖುರ್ಷಿದಾ ಸೌದೆಯನ್ನು ಕೈಯಲ್ಲಿ ಹಿಡಿದೇ ನಿಂತಳು. "ಯಾ ಅಲ್ಲಾ! ಹುಳಕ್ಕೆ ಬಿಡುಗಡೆ ಕೊಡ್ತೀಯಲ್ಲ ಅಕ್ಕಾ, ನಮಗೆ ಯಾರು ಕೊಡ್ತಾರೆ?"

"ಯಾರೂ ಕೊಡಾಕಿಲ್ಲ ಕಣೆ. ಅದ್ಕೇಯ."

ಅಂಬಮ್ಮನ ಭಾರ ಖುರ್ಷಿದಾಳ ಹೆಗಲಿಗೂ ಗೊತ್ತಿತ್ತು. ಬಗ್ಗಿ ಸೌದೆಯನ್ನು ಒಲೆಗೆ ನೂಕಿದಳು. "ಹೊಗೆ ಜೋರಾಗಿ ಬರ್ಲಿ. ಆ ನನ್ ಮಗ ಮಹಡಿ ಮ್ಯಾಲೆ ನಿಂತು ಹೊಗೆ ನೋಡ್ದೆ ಕಾಫಿ ಕುಡಿಯಾಕಿಲ್ಲ."

ಆ ದಿನ ಮೇಲಿನ ತಟ್ಟೆಗಳು ಬೆಂದ ಮೇಲೆ ಬರೀ ನೀರಿನ ಹಂಡೆ ಸಂಜೆಯವರೆಗೂ ಕುದಿಯಿತು. ಮುನಿಶಾಮಯ್ಯ ಬಂದು, ಮೂಗಿಗೆ ಟವಲು ಹಿಡಿದು, ಕೈಗೆಟುಕಿದ ತಟ್ಟೆಯಿಂದ ಒಂದು ಗೂಡನ್ನು ಬ್ಲೇಡಿನಲ್ಲಿ ಸೀಳಿದ. ಹುಳ ಸತ್ತಿತ್ತು. ಕೆಳಗಿನ ತಟ್ಟೆಗಳಿಗೆ ಬಗ್ಗುವವನಲ್ಲ ಅವನು. ಬಿಳಿಯ ಪೇಟೆಯನ್ನು ಕೋಣೆಯ ನಡುವೆ ಇರಿಸಿ, ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ನಾಲ್ಕು ದಿನ ದಾಸಮ್ಮ ಆ ಬಾಗಿಲ ಮುಂದೆ ಹಾದುಹೋಗುವಾಗಲೆಲ್ಲ ನಡಿಗೆ ನಿಧಾನ ಮಾಡಿದಳು. ಒಳಗಿನಿಂದ ಯಾವ ಸದ್ದೂ ಇರಲಿಲ್ಲ. ಭಾನುವಾರ ಇಪ್ಪತ್ತೆರಡು ಒಲೆಗಳನ್ನು ಹಾರೆಯಿಂದ ಮೀಟಿ ಉರುಳಿಸಿದರು. ಅಂಬಮ್ಮ ಕೂತು ನೂಲು ಬಿಚ್ಚುತ್ತಿದ್ದ ಒಲೆ ಮೂರನೆಯದು. ಅದರ ಒಂದು ಕಲ್ಲನ್ನು ದಾಸಮ್ಮ ಸೆರಗಿನಲ್ಲಿ ಕಟ್ಟಿಕೊಂಡಳು.

ಸೋಮವಾರ ಬೆಳಿಗ್ಗೆ ಕೋಣೆಯ ಮುಂದೆ ಶಾಮಿಯಾನ ಎದ್ದಿತು. ಊರಿನ ದೊಡ್ಡವರು ಕುರ್ಚಿಗಳಲ್ಲಿ ಕೂತರು. ಪುರೋಹಿತರು ಮಂತ್ರ ನಿಲ್ಲಿಸಿ, "ಆ ಹೆಂಗಸರನ್ನ ಮೋರಿ ಆಚೆಗೆ ನಿಲ್ಲಿಸ್ರಯ್ಯ. ನಾತ ಬರ್ತಿದೆ," ಎಂದರು. ಓಣಿಯ ಹೆಂಗಸರು ಮೋರಿಯ ಆಚೆಗೆ ಸರಿದು ನಿಂತರು.

"ಮೊದ್ಲು ಪೇಟೆಗೆ ಪೂಜೆ ಆಗ್ಲಿ. ತರ್ಲಾ ಮುನಿಶಾಮಿ," ಎಂದ ರಾಮಲಿಂಗಯ್ಯ.

ಮುನಿಶಾಮಯ್ಯ ಬೀಗ ತೆಗೆದ. ಬಾಗಿಲು ನೂಕಿದವನು ಒಳಗೆ ಕಾಲಿಡಲಿಲ್ಲ. ಸಾಹುಕಾರ ಬೈಯುತ್ತ ಎದ್ದು ಬಂದು ನೋಡಿದ. ಇಂಜಿನಿಯರೂ ಬಂದ.

ನೆಲ, ಗೋಡೆ, ತಟ್ಟೆ, ಎಲ್ಲೆಲ್ಲೂ ಚಿಟ್ಟೆಗಳು. ಲಕ್ಷಗಟ್ಟಲೆ ಬಿಳಿಯ ಚಿಟ್ಟೆಗಳು. ರೇಷ್ಮೆಯ ಚಿಟ್ಟೆ ಹಾರಲಾರದು. ರೆಕ್ಕೆಯನ್ನು ಪಟಪಟ ಬಡಿಯುತ್ತ ನಡೆಯುತ್ತದೆ. ಅವು ನಡೆಯುತ್ತಿದ್ದವು. ಥರ್ಮಾಕೋಲಿನ ಬೀದಿಗಳಲ್ಲಿ, ಅಂಗಡಿಗಳ ಮುಂದೆ, ಮಹಡಿಗಳ ಮೇಲೆ ಒಂದನ್ನೊಂದು ಹತ್ತಿ, ಕಂದು ನೀರು ಬಿಡುತ್ತ ನಡೆಯುತ್ತಿದ್ದವು. ಕಾಗದದ ಮನುಷ್ಯರೆಲ್ಲ ಮಗುಚಿ ಬಿದ್ದಿದ್ದರು. ಆಸ್ಪತ್ರೆಯ ಮಾಳಿಗೆಯ ಮೇಲೆ ಒಂದು ಹೆಣ್ಣು ಚಿಟ್ಟೆ ನಿಧಾನವಾಗಿ ಮೊಟ್ಟೆ ಇಡುತ್ತಿತ್ತು. ಕೆಳಗಿನ ತಟ್ಟೆಗಳಲ್ಲಿ ಗೂಡಿಗೊಂದು ತೂತು.

"ಯಾವಳೇ ಹಬೆ ಕೊಟ್ಟಿದ್ದು?"

ದಾಸಮ್ಮ ಮೋರಿ ದಾಟಿ, ಶಾಮಿಯಾನದ ಜಮಖಾನದ ಮೇಲೆ ಬರಿಗಾಲಲ್ಲಿ ನಡೆದು ಬಂದಳು. "ನಾನೇ. ಕೊಡ್ನಿಲ್ಲ."

ಸಾಹುಕಾರನ ಏಟಿಗೆ ಅವಳ ತುಟಿ ಒಡೆಯಿತು. ಅವಳು ಮುಖ ಮುಟ್ಟಿಕೊಳ್ಳಲಿಲ್ಲ. ಬಾಗಿಲ ಒಳಗಿನ ಬಿಳುಪನ್ನೇ ಕಣ್ತುಂಬ ನೋಡುತ್ತಿದ್ದಳು.

"ಜೀಪಿಗಾಕ್ಲಾ ಈ ಬೋಸುಡಿನಾ! ಸ್ಟೇಷನ್ನಿಗೆ!" ರಾಮಲಿಂಗಯ್ಯನ ದನಿ ಕೀಚಲಾಗಿತ್ತು. ಅವನ ಬಿಳಿಯ ಪಂಚೆಯ ಮೇಲೆ ಎರಡು ಚಿಟ್ಟೆಗಳು ಹತ್ತುತ್ತಿದ್ದವು.

ಮುನಿಶಾಮಯ್ಯ ಜೀಪಿನ ಬಾಗಿಲು ತೆಗೆದು ನಿಂತ. ದಾಸಮ್ಮ ಅದರ ಸೀಟನ್ನು ನೋಡಿದಳು. ಬಿಳಿಯ ಬಟ್ಟೆ ಹೊದಿಸಿದ್ದರು.

"ಬ್ಯಾಡಿ ಬುದ್ದಿ. ಸೀಟೆಲ್ಲ ಹುಳದ ನೀರಾಯ್ತದೆ. ಸ್ಟೇಷನ್ ಏನ್ ದೂರ ಐತಾ? ನಡ್ಕಂಡೇ ಹೋಯ್ತೀನಿ."

ಸೆರಗಿನ ಗಂಟಿನಲ್ಲಿದ್ದ ಕಲ್ಲನ್ನು ಒಮ್ಮೆ ಮುಟ್ಟಿಕೊಂಡು ಅವಳು ಪೇಟೆಬೀದಿಯ ನಟ್ಟನಡುವೆ ನಡೆಯತೊಡಗಿದಳು. ಅಂಬಮ್ಮ ನಡೆದಿದ್ದ ದಾರಿಯೂ ಅದೇ. ಖುರ್ಷಿದಾ ಓಡಿ ಬಂದು ಪಕ್ಕಕ್ಕೆ ಹೆಗಲು ಕೊಟ್ಟಳು. ಹಿಂದೆ ಒಬ್ಬೊಬ್ಬರಾಗಿ ಓಣಿಯ ಹೆಂಗಸರು ಮೋರಿ ದಾಟಿದರು. ಹಾರ್ನ್ ಹೊಡೆಯುತ್ತ ಬಂದ ಜೀಪಿಗೆ ಬೀದಿಯಲ್ಲಿ ದಾರಿ ಇರಲಿಲ್ಲ.