ಯಾವ ಊರ ನ್ಯಾಯ

ಗುಡಿಸಲಿಗೆ ಹೊದಿಸಿದ್ದ ತೆಂಗಿನ ಗರಿ ಗಾಳಿಗೆ ಎದ್ದು ಪಕ್ಕಕ್ಕೆ ಬಿತ್ತು. ಸ್ವಾತಿ ಮಳೆ ನೇರವಾಗಿ ಭಾಗ್ಯಳ ಬೆನ್ನ ಮೇಲೆ ಸುರಿಯತೊಡಗಿತು. ಅವಳು ಕೂಸನ್ನು ಎದೆಗೆ ಅವುಚಿಕೊಂಡು ಬಾಗಿ ಕುಳಿತಿದ್ದಳು. ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊರಗೆ ನಿಂತಿದ್ದ ಅವಳ ತಾಯಿ ಚಿತ್ತಮ್ಮ ಕೈಚಾಚಿ ಮೊಮ್ಮಗಳ ಪಾದ ಮುಟ್ಟಿ ನೋಡಿದಳು. ಬಾವಿಯಿಂದ ಆಗತಾನೆ ಎತ್ತಿದ ಹಗ್ಗದ ಹಾಗೆ ತಣ್ಣಗಿತ್ತು.

"ಮೊಲೆ ಚೀಪ್ತಾ ಇಲ್ಲ ಕಣವ್ವ," ಭಾಗ್ಯ ಹಲ್ಲು ಕಟಕಟಿಸುತ್ತ ಅಂದಳು. "ಬೆಳಿಗ್ಗೆಯಿಂದ ಅಳ್ತಾನೂ ಇಲ್ಲ."

ಹುಳಿಯಾರಿನ ಆಸ್ಪತ್ರೆಯಲ್ಲಿ ಹೆರಿಗೆಯಾದ ಭಾಗ್ಯಳನ್ನು ಬಸ್ಸಿಳಿಸಿ ನೇರವಾಗಿ ತೋಟದಂಚಿನ ಈ ಗುಡಿಸಲಿಗೆ ತಂದು ಬಿಟ್ಟಿದ್ದರು. ಬಾಣಂತಿ ಹಟ್ಟಿಯೊಳಗೆ ಕಾಲಿಡುವ ಹಾಗಿಲ್ಲ. ಸೂತಕ ಕಳೆಯುವವರೆಗೆ ಊಟ, ನಿದ್ದೆ, ನೀರು ಎಲ್ಲವೂ ಹೊರಗೇ. ಮುಟ್ಟಿದವರು ಮಿಂದು ಒಳಗೆ ಬರಬೇಕು. ಚಿತ್ತಮ್ಮನೂ ಹಾಗೇ ಕೂತವಳು, ಅವಳ ತಾಯಿಯೂ ಹಾಗೇ ಕೂತವಳು.

ಚಿತ್ತಮ್ಮ ಮೀಯಲಿಲ್ಲ. ಒದ್ದೆ ಸೀರೆಯಲ್ಲೇ ಮನೆಯ ಮುಂದೆ ಬಂದು ನಿಂತಳು. ಜಗಲಿಯ ಮೇಲೆ ಗಂಡ ದಾಸಣ್ಣನೂ ತಮ್ಮ ಈರೇಶನೂ ಕಾಫಿ ಕುಡಿಯುತ್ತಿದ್ದರು. ದಾಸಣ್ಣ ಹಟ್ಟಿಯ ಗುಡಿಯ ಪೂಜಾರಿ. ಈರೇಶ ತಿಪಟೂರಿನ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಹೇಳುವವನು, ಅವರ ಕಡೆಯಲ್ಲಿ ಮೊದಲು ಎಂ.ಎ. ಮಾಡಿದವನು. ಅಕ್ಕನ ಮೊಮ್ಮಗಳನ್ನು ನೋಡಲೆಂದು ಸ್ಕೂಟರಿನಲ್ಲಿ ಬಂದಿದ್ದ. ದೂರದಿಂದಲೇ ನೋಡಿ ಬಂದಿದ್ದ.

"ಒಳ್ಗೆ ಕರ್ಕಂಡ್ ಬತ್ತೀನಿ," ಅಂದಳು ಚಿತ್ತಮ್ಮ. "ಕೂಸು ತಣ್ಣಗಾಗ್ತಾ ಐತೆ. ಈರೇಶ, ನೀನಾದ್ರೂ ಹೇಳ್ಲಾ ನಿಮ್ ಭಾವಂಗೆ. ಓದಿದೋನು ನೀನು."

ಈರೇಶ ಲೋಟ ಕೆಳಗಿಟ್ಟ. "ಅಕ್ಕ, ಕ್ವಾಪ ಮಾಡ್ಕಬ್ಯಾಡ. ಲೋಕಕ್ಕೆಲ್ಲ ಒಂದೇ ಸರಿ, ಒಂದೇ ತಪ್ಪು ಅಂತ ಇರಾದಿಲ್ಲ. ಒಂದೊಂದು ಜನ ತಮ್ ಬಾಳಿಗೆ ತಕ್ಕಂಗೆ ಕಟ್ಕೊಂಡಿರ್ತಾರೆ. ಪ್ಯಾಟೆಯೋರು ನಮ್ಮುನ್ನ ಅನಾಗರಿಕರು ಅಂದ್ರೆ ನಾನೇ ಜಗಳಕ್ಕೆ ಹೋಗ್ತೀನಿ. ಹಟ್ಟಿ ನ್ಯಾಯ ಹಟ್ಟಿಗೆ ಸರಿ. ಇನ್ನೊಂದೆರಡು ಗರಿ ಹೊದಿಸಿದ್ರಾಯ್ತು, ಬುಡು."

"ಹಂಗಾರೆ ಚಳಿ? ಅದೂ ಒಂದೊಂದು ಜನಕ್ಕೆ ಒಂದೊಂದು ತರ ಆಯ್ತದಾ?"

ಈರೇಶ ನಕ್ಕು ಮಾತು ಹಗುರ ಮಾಡಲು ನೋಡಿದ. ಚಿತ್ತಮ್ಮ ನಗಲಿಲ್ಲ.

"ನಿನ್ ಮಗ ಹುಟ್ಟಿದಾಗ ನಿನ್ ಹೆಂಡ್ತಿ ಎಲ್ಲಿ ಮಲಗಿದ್ಲು? ತಿಪಟೂರ್ನಾಗೆ, ಮಂಚದ ಮ್ಯಾಲೆ. ಬಾಗ್ಲು ಹಾಕ್ಕಂಡು, ಕಿಟಕಿ ಸಂದಿಗೆ ಬಟ್ಟೆ ತುರುಕ್ಕಂಡು. ನೀರು ಕಾಸಿ ಕೊಟ್ಟೋಳು ನಾನೇ ಕಣ್ಲಾ. ಅವತ್ತು ಹಟ್ಟಿ ನ್ಯಾಯ ನಿನ್ ನೆಪ್ಪಿಗೆ ಬರ್ಲಿಲ್ವಾ?"

ದಾಸಣ್ಣನೇ ಬಾಯಿ ಬಿಟ್ಟ. ಅವನದು ಯಾವಾಗಲೂ ಮೆತ್ತನೆಯ ದನಿ.

"ಸುಮ್ಕಿರು ಚಿತ್ತಿ. ಆ ದ್ಯಾವ್ರು ಸುಮ್ಸುಮ್ಕೆ ಏನೂ ಮಾಡಾಕಿಲ್ಲ. ಎಲ್ಲದ್ರಾಗೂ ಏನೋ ಒಂದು ಇಟ್ಟಿರ್ತಾನೆ. ನಮ್ಗೆ ತಿಳಿಯಾಕಿಲ್ಲ ಅಷ್ಟೆ."

ಇದೇ ಮಾತು. ಅವರ ಮೊದಲ ಗಂಡುಕೂಸು ಅದೇ ಗುಡಿಸಲಿನಲ್ಲಿ ಸೆಟೆದುಕೊಂಡು ಬಿದ್ದಿದ್ದಾಗಲೂ ಅವನು ಹೀಗೇ ಅಂದಿದ್ದ. ಆಗ ಚಿತ್ತಮ್ಮ ನಂಬಿದ್ದಳು. ಆ 'ಏನೋ ಒಂದು' ಏನಿರಬಹುದೆಂದು ಕುರಿಯ ಹಿಂದೆ ಅಲೆಯುತ್ತ, ರಾಗಿ ಬೀಸುತ್ತ ವರ್ಷಗಟ್ಟಲೆ ಹುಡುಕಿದ್ದಳು. ಭಾಗ್ಯ ಹುಟ್ಟಿದಾಗ ಇದೇ ಇರಬೇಕು ಅಂದುಕೊಂಡಳು. ಆದರೆ ಒಂದನ್ನು ಕೊಡುವುದಕ್ಕೆ ಇನ್ನೊಂದನ್ನು ಚಳಿಯಲ್ಲಿ ಯಾಕೆ ಕೊಲ್ಲಬೇಕು ಎಂಬುದು ಮಾತ್ರ ಬಗೆಹರಿಯಲೇ ಇಲ್ಲ.

"ಏನಿಟ್ಟಿದ್ದ ಹೇಳಯ್ಯ," ಅಂದಳು. ಅವಳ ದನಿ ಏರಿತ್ತು. ಅಕ್ಕಪಕ್ಕದ ಜಗಲಿಗಳಲ್ಲಿ ತಲೆಗಳು ಇಣುಕಿದವು. "ನಮ್ ಕೂಸು ಸತ್ತಿದ್ರಾಗೆ ಏನಿಟ್ಟಿದ್ದ? ದಿನಾ ಅವನ ಮುಂದೆ ನಿಂತ್ಕತೀಯಲ್ಲ, ಒಂದಿನಾನಾದ್ರೂ ಕೇಳಿದ್ಯಾ? ಏನೂ ಇಟ್ಟಿರ್ಲಿಲ್ಲ ಕಣಯ್ಯ. ಗುಡ್ಲು ಸೋರ್ತಿತ್ತು, ಅಷ್ಟೆ."

ಅವಳು ಉತ್ತರಕ್ಕೆ ಕಾಯದೆ ಗುಡಿಸಲಿನ ಕಡೆಗೆ ನಡೆದಳು.

ಕೂಸನ್ನು ಸೆರಗಿನೊಳಗೆ ಸೇರಿಸಿಕೊಂಡು, ಮಗಳನ್ನು ಹೆಗಲಿಗೆ ಆನಿಸಿಕೊಂಡು ಚಿತ್ತಮ್ಮ ಹಟ್ಟಿಯ ನಡುಬೀದಿಯಲ್ಲೇ ಬಂದಳು. ಜಗಲಿಯ ಮೇಲಿದ್ದವರು ಎದ್ದು ನಿಂತರು. ಹಟ್ಟಿಯ ಯಜಮಾನ ಹುಚ್ಚರಂಗಯ್ಯ ದೊಣ್ಣೆ ಹಿಡಿದು ಅಡ್ಡ ಬಂದ.

"ಅಲ್ಲೇ ನಿಲ್ಲು ಚಿತ್ತಮ್ಮ. ದ್ಯಾವ್ರು ಸುಮ್ಕಿರಾಕಿಲ್ಲ."

"ಇಷ್ಟು ವರ್ಷ ಸುಮ್ಕೇ ಇದ್ನಲ್ಲ ಯಜಮಾನ್ರೇ. ಎಷ್ಟು ಕೂಸು ಹೋದ್ವು, ಒಂದ್ ಮಾತಾಡಿದ್ನಾ?"

ಅವಳು ನಡಿಗೆ ನಿಲ್ಲಿಸಲಿಲ್ಲ. ಹುಚ್ಚರಂಗಯ್ಯ ದೊಣ್ಣೆ ಎತ್ತಿದ. ಇನ್ನೊಂದು ಹೆಜ್ಜೆಗೆ ಬಾಣಂತಿಯ ಸೀರೆ ತನಗೆ ತಗಲುತ್ತದೆಂದು ಗೊತ್ತಾಗಿ, ಮೈ ಕುಗ್ಗಿಸಿಕೊಂಡು ಗೋಡೆಗೆ ಅಂಟಿಕೊಂಡ. ದಾರಿ ಬಿಟ್ಟಿತು.

ಒಳಗೆ ಒಲೆಯ ಪಕ್ಕ ಒಣಗಿದ ಕಂಬಳಿ ಹಾಸಿ ಮಗಳನ್ನು ಕೂರಿಸಿದಳು. ಕರಟದ ಬೆಂಕಿ ಮಾಡಿ, ಕೂಸನ್ನು ಭಾಗ್ಯಳ ಬರಿ ಎದೆಯ ಮೇಲೆ ಮಲಗಿಸಿ ಮೇಲೆ ಹೊದಿಸಿದಳು. ಈರೇಶ ಬಾಗಿಲಾಚೆ ಬಂದು ನಿಂತ.

"ಅಕ್ಕ, ನರ್ಸಮ್ಮನ್ನ ಕರ್ಕಂಡ್ ಬರ್ಲಾ?"

"ಕರ್ಕಂಡ್ ಬಾ ಹೋಗಪ್ಪ. ಅದು ಯಾವೂರ ನ್ಯಾಯಾನೋ ಆಮ್ಯಾಕೆ ಕೇಳನ."

ಅವನು ಮಳೆಯಲ್ಲೇ ಸ್ಕೂಟರ್ ಒದ್ದ. ನರ್ಸು ಬಂದು ಬೆನ್ನು ತಟ್ಟಿ, ಪಾದ ಉಜ್ಜಿ, ತುಟಿಗೆ ಹಾಲು ಹಿಂಡಿಸಿದಳು. ದೀಪ ಹಚ್ಚುವ ಹೊತ್ತಿಗೆ ಕೂಸು ಅತ್ತಿತು. ಹಟ್ಟಿಯೆಲ್ಲ ಕೇಳುವಂತೆ ಅತ್ತಿತು.

ಆಮೇಲೆ ಹಟ್ಟಿ ದೇವರ ಸಿಟ್ಟಿಗೆ ಕಾಯತೊಡಗಿತು. ಹಾವು ಬರುತ್ತದೆ, ಬೆಂಕಿ ಬೀಳುತ್ತದೆ ಎಂದರು. ಚಿತ್ತಮ್ಮ ಸೇದುವ ಬಾವಿಗೆ ಬೇರೆಯವರು ಬಿಂದಿಗೆ ಇಳಿಸಲಿಲ್ಲ. ಗುಡಿಯ ಬೀಗದಕೈ ದಾಸಣ್ಣನಿಂದ ಇನ್ನೊಬ್ಬನ ಸೊಂಟಕ್ಕೆ ಹೋಯಿತು. ದಾಸಣ್ಣ ಮನೆಗೆ ಬಾರದೆ ಗುಡಿಯ ಪಡಸಾಲೆಯಲ್ಲಿ ಮಲಗತೊಡಗಿದ. ಹಾವು ಬರಲಿಲ್ಲ. ಮಳೆ ಹೊಳವಾಯಿತು, ಎಲ್ಲರ ಮರದಲ್ಲೂ ಹೊಂಬಾಳೆ ಒಡೆದವು, ಚಿತ್ತಮ್ಮನ ಮರದಲ್ಲೂ ಒಡೆದವು.

ಕಡೆಗೊಂದು ಬೆಳಿಗ್ಗೆ ಚಿತ್ತಮ್ಮನ ಕುರಿಯೊಂದು ಹೊಟ್ಟೆ ಉಬ್ಬಿ ಸತ್ತಿತು. ಪಕ್ಕದ ಮನೆಯ ಬೋರಮ್ಮ ಕುರಿರೊಪ್ಪದ ಬೇಲಿಯ ಆಚೆಯಿಂದ ಕೈ ಮುಗಿದಳು. "ನೋಡ್ದಾ, ತೋರಿಸ್ದ."

"ಹೋದ್ ವರ್ಸ ನಿನ್ ರೊಪ್ಪದಾಗೆ ಸತ್ವಲ್ಲ ಬೋರಮ್ಮ, ಅವಾಗ ನೀನ್ಯಾವ ಬಾಣಂತಿನ ಒಳ್ಗೆ ಕೂರಿಸಿದ್ದೆ?" ಚಿತ್ತಮ್ಮ ಸತ್ತ ಕುರಿಯ ಕಾಲು ಹಿಡಿದು ಎಳೆಯುತ್ತ ಕೂಗಿದಳು. "ನನ್ ಮ್ಯಾಲೆ ಸಿಟ್ಟಿದ್ರೆ ನನ್ನ ಹೊಡೀಲಿ. ಬಾಯಿಲ್ಲದ ಕುರಿ ಯಾಕೆ ಬೇಕು ಅವಂಗೆ?" ಕಣ್ಣಲ್ಲಿ ನೀರು ಬಂತು. ಅದು ಕುರಿಗೋ, ಎಂದೋ ಹೋದ ಮಗನಿಗೋ ಅವಳಿಗೇ ತಿಳಿಯಲಿಲ್ಲ. ಬೋರಮ್ಮ ಒಳಗೆ ಹೋದಳು.

ಅವತ್ತು ಸಂಜೆ ದಾಸಣ್ಣ ಬಂದ. ಒಳಗೆ ಬರಲಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಜಗಲಿಯ ಮೇಲೆ ಕೂತ. ಚಿತ್ತಮ್ಮ ಕರೆಯಲಿಲ್ಲ, ರಾಗಿಮುದ್ದೆಯ ತಟ್ಟೆಯನ್ನು ಹೊಸಿಲಾಚೆ ಸರಿಸಿ ಒಲೆಯ ಹತ್ತಿರ ಬಂದು ಕೂತಳು. ಭಾಗ್ಯ ಕೂಸಿಗೆ ಹಾಲೂಡುತ್ತಿದ್ದಳು. ತೋಟದ ಕಡೆಯಿಂದ ಎದ್ದ ಮೂಡಗಾಳಿಗೆ ಅಗುಳಿ ಹಾಕದ ಬಾಗಿಲು ಕಿರ್ರೆಂದು ತೆರೆದುಕೊಂಡಿತು. ಒಲೆಯ ಉರಿ ಬಾಗಿತು, ಕೂಸು ಬೆಚ್ಚಿ ಮುಖ ಕಿವುಚಿತು.

ಹೊರಗಿನಿಂದ ಒಂದು ಕೈ ಬಂದು ಬಾಗಿಲನ್ನು ಎಳೆದುಕೊಂಡಿತು. ಗಾಳಿ ಮತ್ತೆ ಮತ್ತೆ ನೂಕಿತು. ದಾಸಣ್ಣ ತಿರುಗಿ ನೋಡದೆ, ತಟ್ಟೆಗೆ ಕೈ ಹಾಕದೆ, ಬಾಗಿಲ ಚಿಲಕ ಹಿಡಿದುಕೊಂಡು ಕೂತೇ ಇದ್ದ.