ಬಿದ್ದಲ್ಲಿಂದ ಮುಂದಿನ ಕಥೆ

ಜಾಸ್ಮಿನ್ ಬಿದ್ದದ್ದು ನಿಜ. ಅದನ್ನು ಅವಳು ಯಾವತ್ತೂ ಅಲ್ಲಗಳೆದಿಲ್ಲ. ಬಳ್ಳಾರಿಯ ಒಂದು ಕಲ್ಯಾಣ ಮಂಟಪದಲ್ಲಿ ನಡೆದ ಸ್ಪರ್ಧೆಯಲ್ಲಿ, ಆರೇಳುನೂರು ಜನರ ಎದುರು, ಹೆಗಲಿಗೆ ತಂಬೂರಿ ಏರಿಸಿಕೊಂಡು ಬುರ್ರಕಥೆ ಹೇಳುತ್ತಿದ್ದಳು. ನಡುಹೊಳೆಯಲ್ಲಿ ಹರಿಗೋಲು ಸುಳಿಗೆ ಸಿಕ್ಕುವ ಭಾಗ ಬಂದಿತ್ತು. ಗಿರಗಿರನೆ ತಿರುಗುವಾಗ ಕಾಲ್ಗೆಜ್ಜೆ ಸೀರೆಯ ಅಂಚಿಗೆ ತೊಡರಿ ದೊಪ್ಪನೆ ಬಿದ್ದಳು. "ಅಯ್ಯಯ್ಯೋ ಯಮ್ಮಾ, ಹೋದ್ನೆಪ್ಪೋ!" ಎಂದದ್ದು ಮೈಕಿನಲ್ಲಿ ಇಡೀ ಮಂಟಪಕ್ಕೆ ಕೇಳಿಸಿತು.

ಜನ ನಕ್ಕರು. ಸ್ಪರ್ಧೆಯ ಖರ್ಚು ವಹಿಸಿದ್ದ ಗಣಿ ಮಾಲೀಕರ ಮಗ ಮುಂದಿನ ಸಾಲಿನ ಸೋಫಾದಲ್ಲಿ ಕುಳಿತು ತೊಡೆ ತಟ್ಟಿಕೊಂಡು ನಕ್ಕ. ಅವನು ನಕ್ಕದ್ದನ್ನು ನೋಡಿ ತೀರ್ಪುಗಾರರಾಗಿದ್ದ ಜಂಬುನಾಥ ಮೇಷ್ಟ್ರೂ ನಕ್ಕರು. ಅವರ ಬಾಯಿಯ ಮುಂದೆ ಇನ್ನೊಂದು ಮೈಕು ಇತ್ತು.

ಜಾಸ್ಮಿನ್ ಎದ್ದಳು. ತಂಬೂರಿಯ ತಂತಿ ಸರಿಯಿದೆಯೇ ಎಂದು ಒಮ್ಮೆ ಮೀಟಿ ನೋಡಿದಳು. ಉಳಿದ ಹನ್ನೆರಡು ನಿಮಿಷದ ಕಥೆಯನ್ನು ಒಂದು ಸಾಲೂ ಬಿಡದೆ ಹೇಳಿ ಮುಗಿಸಿ ಕೈಮುಗಿದು ಇಳಿದಳು. ಮುಂದಿನ ಸುತ್ತಿಗೆ ಆಯ್ಕೆಯಾಗಲಿಲ್ಲ. ಸಿರುಗುಪ್ಪದ ಬಸ್ಸಿನಲ್ಲಿ ಅವಳು, ಅವಳ ಅಪ್ಪ ಚಾಂದಸಾಬ್ ಇಬ್ಬರೂ ಆ ಬಿದ್ದದ್ದನ್ನೇ ನೆನೆದು ದಾರಿಯುದ್ದಕ್ಕೂ ನಗಾಡಿಕೊಂಡು ಬಂದರು.

ಅದು ಎರಡು ಸಾವಿರದ ಹತ್ತನೇ ಇಸವಿ. ಅದಿರಿನ ಲಾರಿಗಳು ಸಾಲುಗಟ್ಟಿ ಓಡಾಡುತ್ತಿದ್ದ ಕಾಲ. ಬಳ್ಳಾರಿಯಲ್ಲಿ ದಿನಕ್ಕೊಂದು ಸಮಾರಂಭ, ಸಮಾರಂಭಕ್ಕೊಂದು ಆಳೆತ್ತರದ ಫ್ಲೆಕ್ಸು. ಊರಿನ ಒಂದು ಕೇಬಲ್ ಚಾನಲ್ಲು ಇಪ್ಪತ್ತು ವರ್ಷದೊಳಗಿನವರಿಗೆಂದು ಆ ಸ್ಪರ್ಧೆ ನಡೆಸಿತ್ತು. ಜಾಸ್ಮಿನ್‌ಗೆ ಆಗ ಹದಿನೇಳು. ಸಿರುಗುಪ್ಪದಲ್ಲಿ ಪಿಯುಸಿ ಓದುತ್ತಿದ್ದಳು. ಚಾಂದಸಾಬ್ ರೈಸ್‌ಮಿಲ್ಲಿನಲ್ಲಿ ಫಿಟ್ಟರ್. ತಾಯಿ ಅಕ್ತರಬಿಯ ತವರು ಕುರುಗೋಡು. ಅಲ್ಲಿ ತವರುಮನೆಯ ಗೋಡೆಗೆ ಗೋಡೆ ಹೊಂದಿಕೊಂಡು ಗಾದೆಮ್ಮನ ಮನೆ. ತೆಲುಗಿನಲ್ಲೂ ಕನ್ನಡದಲ್ಲೂ ಬುರ್ರಕಥೆ ಹೇಳಿಕೊಂಡು ಆಂಧ್ರದ ಹಳ್ಳಿಗಳನ್ನೆಲ್ಲ ತಿರುಗಿದ್ದ ಮುದುಕಿ. ರಜೆಗೆ ಹೋದಾಗಲೆಲ್ಲ ಜಾಸ್ಮಿನ್ ಅವಳ ಕಟ್ಟೆಯ ಮೇಲೆ ಕೂತು ಕೂತು ಒಂದು ಕಥೆಯನ್ನು ಪೂರ್ತಿ ಕಲಿತಿದ್ದಳು. ಅದೇ ಓಣಿಯ ರೈತರ ಹುಡುಗಿ ರೇಣುಕಾ ಡಿಮ್ಮಿ ಎಂಬ ಚರ್ಮವಾದ್ಯ ಬಾರಿಸುವುದನ್ನೂ ನಡುನಡುವೆ ಚೇಷ್ಟೆಯ ಮಾತು ಎಸೆಯುವುದನ್ನೂ ಕಲಿತಿದ್ದಳು. ಬುರ್ರಕಥೆಗೆ ಮೂವರು ಬೇಕು. ಸ್ಪರ್ಧೆಗೆ ವಯಸ್ಸಿನ ಮಿತಿಯಿದ್ದುದರಿಂದ ಗಾದೆಮ್ಮ ವೇದಿಕೆ ಹತ್ತುವಂತಿರಲಿಲ್ಲ. ಇಬ್ಬರೇ ಹತ್ತಿದ್ದರು.

ಆ ಸುತ್ತು ಮುಗಿದ ನಾಲ್ಕನೇ ದಿನ ಕಾಲೇಜಿನ ಗೇಟಿನಲ್ಲಿ ಯಾರೋ "ಅಯ್ಯಯ್ಯೋ ಯಮ್ಮಾ" ಎಂದರು. ಇನ್ನೊಬ್ಬ ಕತ್ತೆಯಂತೆ ಅರಚಿದ. ಜಾಸ್ಮಿನ್‌ಗೆ ತಿಳಿಯಲಿಲ್ಲ. ತಿಳಿದದ್ದು ಗೆಳತಿಯೊಬ್ಬಳು ಮೊಬೈಲು ತೋರಿಸಿದಾಗ. ನಲವತ್ತು ಸೆಕೆಂಡಿನ ವಿಡಿಯೋ. ಅವಳು ತಿರುಗುತ್ತಾಳೆ, ಬೀಳುತ್ತಾಳೆ, ಕೂಗುತ್ತಾಳೆ. ಕೂಗಿನ ಬೆನ್ನಿಗೇ ಕತ್ತೆಯ ದನಿ, ಅದರ ಮೇಲೆ ಜಂಬುನಾಥ ಮೇಷ್ಟ್ರ ನಗು. ಮೂರು ಸಲ ಬೀಳುತ್ತಾಳೆ, ಮೂರು ಸಲ ಕತ್ತೆ ಅರಚುತ್ತದೆ. ಏಳುವುದು ಒಂದು ಸಲವೂ ಇಲ್ಲ.

ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಯೂಟ್ಯೂಬಿನಲ್ಲಿ ನೋಡಿದಳು. 'ಸಿರುಗುಪ್ಪದ ಕತ್ತೆ ಕಥೆ' ಎಂದು ಹೆಸರಿಟ್ಟಿದ್ದರು. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಸಾಬರ ಹುಡುಗಿಗೆ ಈ ಕಥೆ ಯಾಕೆ ಎಂದು ಒಬ್ಬ. ನಮ್ಮ ಜಮಾತಿನ ಹುಡುಗಿಯಾಗಿ ಕುಣಿಯುತ್ತಾಳಲ್ಲ ಎಂದು ಇನ್ನೊಬ್ಬ. ಇವಳಿಗೆ ಹೇಳುವ ಅಪ್ಪ ಇಲ್ಲವೇ ಎಂದು ಮತ್ತೊಬ್ಬ. ಬಳ್ಳಾರಿ ಹುಲಿ, ಡೆವಿಲ್ ಕಿಂಗ್, ಹೀಗೆಲ್ಲ ಹೆಸರುಗಳು. ಒಂದೂ ಮನುಷ್ಯರ ಹೆಸರಲ್ಲ.

ವಾರದೊಳಗೆ ಅದು ಬ್ಲೂಟೂತಿನಲ್ಲಿ ಜೇಬಿಂದ ಜೇಬಿಗೆ ಹರಿದು ಮಿಲ್ಲಿಗೂ ಬಂತು. ಲಾರಿ ಡ್ರೈವರೊಬ್ಬ ಚಾಂದಸಾಬರಿಗೇ ತೋರಿಸಿ ನಕ್ಕ, ಯಾರ ಮಗಳೆಂದು ಗೊತ್ತಿಲ್ಲದೆ. ಅವತ್ತು ಚಾಂದಸಾಬ್ ಮಧ್ಯಾಹ್ನವೇ ಮನೆಗೆ ಬಂದರು. ತಂಬೂರಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು.

"ಸಾಕು ಮಗಾ," ಎಂದರು. "ಓದಿನ ಕಡಿ ಲಕ್ಷ್ಯ ಕೊಡು."

"ನಾನೇನ್ ತಪ್ಪು ಮಾಡೀನಿ ಅಬ್ಬಾ?"

"ನೀ ಮಾಡಿಲ್ಲ."

"ಮತ್ತ ಮಾಡ್ದೋರು ಯಾರು?"

ಚಾಂದಸಾಬ್ ಅಟ್ಟದ ಏಣಿ ತೆಗೆದು ಗೋಡೆಗೆ ಒರಗಿಸಿದರು. ಜಾಸ್ಮಿನ್‌ಗೆ ಅವತ್ತು ರಾತ್ರಿಯೆಲ್ಲ ಅಳು ಬಂತು. ಬೆಳಿಗ್ಗೆ ಎದ್ದಾಗ ಅಳು ಹೋಗಿ ಸಿಟ್ಟು ಉಳಿದಿತ್ತು.

ಮೊದಲು ಬಸ್‌ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಗೆ ಹೋದಳು. ಮೆಮೊರಿ ಕಾರ್ಡಿಗೆ ಹಾಡು, ಸಿನಿಮಾ, ಕಾಮಿಡಿ ತುಂಬಿಕೊಡುವ ಅಂಗಡಿ. ನಡೆಸುವವನು ಅಜರುದ್ದೀನ್, ಚಾಂದಸಾಬರ ಪರಿಚಯದವನೇ.

"ಕತ್ತಿ ಕಥಿ ಐತೇನ್ರಿ ಅಣ್ಣಾ?" ಎಂದಳು.

"ಐತಿ, ಕಾರ್ಡ್ ಕೊಡು," ಎಂದು ತಲೆಯೆತ್ತಿದವನು ಅವಳ ಮುಖ ನೋಡಿ ಮೌಸಿನಿಂದ ಕೈ ತೆಗೆದ. "ನೀನು ಚಾಂದಭಾಯಿ ಮಗಳಲ್ಲೇನು?"

"ಹೌದು. ಎಷ್ಟು ಮಂದಿಗೆ ಹಾಕಿಕೊಟ್ಟೀರಿ?"

"ಮಂದಿ ಕೇಳ್ತಾರ, ನಾ ಹಾಕ್ತೀನಿ ತಂಗಿ. ಮಾಡಿದ್ದು ನಾನಲ್ಲ. ಚಾನಲ್‌ನೋರನ್ನ ಕೇಳು."

ಮರುದಿನ ಅವಳು ಬಳ್ಳಾರಿಗೆ ಹೊರಟಳು. ಒಬ್ಬಳನ್ನೇ ಕಳಿಸಲಾರದೆ ಚಾಂದಸಾಬ್ ರಜೆ ಹಾಕಿ ಜೊತೆಗೆ ಬಂದರು. ಕುರುಗೋಡಿನಿಂದ ರೇಣುಕಾ ಬಂದು ಸೇರಿಕೊಂಡಳು. ಚಾನಲ್ಲಿನ ಕಚೇರಿಯಲ್ಲಿ ಮ್ಯಾನೇಜರ್ ಎರ್ರಣ್ಣ ಏಸಿ ಹಾಕಿಕೊಂಡು ಕೂತಿದ್ದ. ಮಾತು ನಯವಾಗಿತ್ತು.

"ನೋಡ್ರಿ, ಪ್ರೋಗ್ರಾಮಿಗೆ ಮಂದಿ ಬರ್ಲಿ ಅಂತ ಸಣ್ಣದೊಂದು ಕಾಮಿಡಿ ತುಂಡು ಮಾಡಿದ್ವಿ. ನೆಟ್ಟಿಗೆ ಹಾಕಿದ್ದು ಯಾರೋ ಗೊತ್ತಿಲ್ಲ. ನಮ್ಮದೇನು ತಪ್ಪಿಲ್ಲ."

"ಕತ್ತಿ ದನಿ ಹಾಕಿದ್ದು ಯಾರು?" ರೇಣುಕಾ ಕೇಳಿದಳು.

"ಅದು ನಮ್ಮ ಎಡಿಟರು. ನಗಿಸಾಕ."

"ಪೂರ್ತಿ ಕಥಿ ಐತಲ್ಲ, ಅದನ್ನ ಒಮ್ಮೆ ಹಾಕ್ರಿ," ಎಂದಳು ಜಾಸ್ಮಿನ್. "ಬಿದ್ದದ್ದೂ ಇರ್ಲಿ. ಎದ್ದು ಹೇಳಿದ್ದೂ ಇರ್ಲಿ."

"ಅಷ್ಟು ಉದ್ದ ಯಾರು ನೋಡ್ತಾರವ್ವ?" ಎಂದು ಎರ್ರಣ್ಣ ಫೈಲಿನಿಂದ ಸ್ಪರ್ಧೆಗೆ ಸೇರುವಾಗಿನ ಒಪ್ಪಿಗೆ ಕಾಗದ ತೆಗೆದು ಚಾಂದಸಾಬರ ಮುಂದೆ ತಳ್ಳಿದ. "ಹೆಂಗಬೇಕಾದ್ರೂ ಬಳಸಿಕೊಳ್ರಿ ಅಂತ ಬರ್ದೈತಿ ನೋಡ್ರಿ. ಸೈನ್ ನಿಮ್ಮದೇ ಅಲ್ಲೇನು?"

ಕಾಗದ ಇಂಗ್ಲಿಷಿನಲ್ಲಿತ್ತು. ಸಹಿ ಚಾಂದಸಾಬರದೇ. ಕೆಳಗಿಳಿದು ಬಂದು ಅವರು ಬೀದಿಬದಿಯ ಚಹಾದಂಗಡಿಯ ಬೆಂಚಿನ ಮೇಲೆ ಕುಸಿದು ಕೂತರು.

"ನಾನೇ ಸೈ ಮಾಡಿ ಕೊಟ್ನಲ್ಲವ್ವ. ತಪ್ಪೆಲ್ಲ ನಂದೇ."

"ನೀ ಸೈ ಮಾಡಿದ್ದು ನಾ ಕಥಿ ಹೇಳಾಕ, ಅಬ್ಬಾ. ಅವರು ಕತ್ತಿ ದನಿ ಸೇರ್ಸಾಕ ಅಲ್ಲ," ಎಂದಳು ಜಾಸ್ಮಿನ್. ದನಿ ಜೋರಾಗಿತ್ತು, ಚಹಾ ಕುಡಿಯುತ್ತಿದ್ದವರು ತಿರುಗಿ ನೋಡಿದರು. "ಎಲ್ಲಾರೂ ತಮ್ಮ ಪಾಲಿಂದು ಇನ್ನೊಬ್ರ ಮ್ಯಾಲ ಹಾಕಿದ್ರು. ನೀ ಎಲ್ಲಾರದೂ ಹೊತ್ಕೊಳಾಕ ಹೋಗಬ್ಯಾಡ."

ಜಂಬುನಾಥ ಮೇಷ್ಟ್ರ ಮನೆ ಕೋಟೆಗುಡ್ಡದ ಕೆಳಗೆ. ನಿವೃತ್ತ ಕನ್ನಡ ಅಧ್ಯಾಪಕರು, ಊರಿನ ನಾಟಕಗಳಲ್ಲಿ ಮೂವತ್ತು ವರ್ಷ ಪಾತ್ರ ಮಾಡಿದವರು. ಒಳಗೆ ಕರೆದು ಕೂರಿಸಿ ನೀರು ಕೊಟ್ಟರು. ವಿಡಿಯೋ ನೋಡಿದ್ದೇನೆಂದೂ, ಕಾಲ ಕೆಟ್ಟಿದೆಯೆಂದೂ, ಹುಡುಗರಿಗೆ ಸಂಸ್ಕಾರವಿಲ್ಲವೆಂದೂ ಹೇಳಿದರು. ಜಾಸ್ಮಿನ್ ಎಲ್ಲವನ್ನೂ ಕೇಳಿಸಿಕೊಂಡಳು.

"ಸರ, ನೀವು ಯಾಕ ನಕ್ರಿ?"

ಮೇಷ್ಟ್ರು ನೀರಿನ ತಂಬಿಗೆಯನ್ನು ಪಕ್ಕಕ್ಕೆ ಸರಿಸಿದರು.

"ಮಂದಿ ನಕ್ಕಿದ್ದು ಇರ್ಲಿ. ಬಿದ್ರ ನಗೂ ಬರ್ತೈತಿ, ನಮಗೂ ಬಂದಿತ್ತು. ಆದ್ರ ಬುರ್ರಕಥಿ ಎಷ್ಟು ಕಷ್ಟ ಅಂತ ಆ ಮಂಟಪದಾಗ ಗೊತ್ತಿದ್ದೋರು ನೀವೊಬ್ರೇ. ನೀವು ಮೊದಲು ನಗಲಿಲ್ಲ. ಸೋಫಾದ ಕಡಿ ನೋಡಿ ಆಮ್ಯಾಲ ನಕ್ರಿ. ನಾ ನೋಡೀನಿ, ಬಿದ್ದಲ್ಲಿಂದ."

ಮೇಷ್ಟ್ರ ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಬರೋ ಸಂತಿ ದಿನ ಕುರುಗೋಡಿನಾಗ ಅದೇ ಕಥಿ ಹೇಳ್ತೀವಿ. ಬರ್ರಿ," ಎಂದು ಎದ್ದಳು. ಅಂಥ ಏರ್ಪಾಡು ಏನೂ ಇರಲಿಲ್ಲ. ರೇಣುಕಾ ಬೆರಗಾಗಿ ಅವಳನ್ನೇ ನೋಡಿದಳು.

ಸಿರುಗುಪ್ಪಕ್ಕೆ ಮರಳಿದ ಕೂಡಲೇ ಜಾಸ್ಮಿನ್ ಬ್ರೌಸಿಂಗ್ ಸೆಂಟರಿಗೆ ನಡೆದಳು. ಆ ವಿಡಿಯೋದ ಕೆಳಗೆ ಒಂದೊಂದೇ ಅಕ್ಷರ ಹುಡುಕಿ ಒತ್ತಿ ಬರೆದಳು: 'ಇದರಲ್ಲಿ ಬಿದ್ದವಳು ನಾನು. ಹೆಸರು ಜಾಸ್ಮಿನ್. ಊರು ಸಿರುಗುಪ್ಪ. ನಿಮ್ಮ ಹೆಸರು, ಊರು ಬರೆಯಿರಿ.' ಪಕ್ಕದಲ್ಲಿ ನಿಂತಿದ್ದ ಚಾಂದಸಾಬ್ ಓದಿ, "ನನ್ನ ಹೆಸರೂ ಹಾಕು. ಅಪ್ಪ ಅದಾನ ಅಂತ ಗೊತ್ತಾಗ್ಲಿ," ಎಂದರು. ಮನೆಗೆ ಬಂದು ತಾವೇ ಅಟ್ಟದಿಂದ ತಂಬೂರಿ ಇಳಿಸಿದರು.

ಸುದ್ದಿ ಕೇಳಿ ಗಾದೆಮ್ಮ ಬೈದಳು. "ನನ್ನ ಕೇಳ್ದಂಗ ಆಟ ಒಪ್ಕೊಂಡೀರೇನ್ಲೇ? ಗಿರಗಿರ ತಿರುಗೋದು ಇನ್ನೂ ಹದಕ್ಕ ಬಂದಿಲ್ಲ." ಬೈಯುತ್ತಲೇ ತನ್ನ ಹಳೆಯ ಡಿಮ್ಮಿಯನ್ನು ಬಿಸಿಲಿಗಿಟ್ಟು ಚರ್ಮ ಬಿಗಿ ಮಾಡಿದಳು. ವಾರವಿಡೀ ಕಟ್ಟೆಯ ಮೇಲೆ ಮೂವರ ತಾಲೀಮು ನಡೆಯಿತು.

ಸಂತೆಯ ದಿನ ಬೆಳಿಗ್ಗೆ ಹತ್ತಕ್ಕೆ, ಮೆಣಸಿನಕಾಯಿ ಮಾರುವವರ ಸಾಲಿನ ಕೊನೆಯ ಬೇವಿನಮರದ ಕೆಳಗೆ ಚಾಪೆ ಹಾಸಿದರು. ನಡುವೆ ಜಾಸ್ಮಿನ್, ಎಡಕ್ಕೆ ರೇಣುಕಾ, ಬಲಕ್ಕೆ ಎಪ್ಪತ್ತರ ಗಾದೆಮ್ಮ. ಡಿಮ್ಮಿಯ ಮೊದಲ ಪೆಟ್ಟಿಗೇ ಜನ ಸೇರಿತು. ಗುರುತು ಸಿಕ್ಕಿದ್ದೇ ಹತ್ತಾರು ಮೊಬೈಲುಗಳು ಮೇಲೆದ್ದವು. ಹಿಂದಿನಿಂದ ಒಬ್ಬ ಕೂಗಿದ: "ಕತ್ತಿ ಬಂತಲೇ, ಕತ್ತಿ!"

ಈ ಸೀಮೆಯ ಬಾಯಿಯಲ್ಲಿ ಕತ್ತೆಯೂ ಕತ್ತಿಯೇ, ಕತ್ತಿಯೂ ಕತ್ತಿಯೇ. ರೇಣುಕಾ ಬಿಡುವವಳಲ್ಲ.

"ಯಾವ ಕತ್ತಿ ಅಣ್ಣಾ? ಹೊರಿ ಹೊರೋ ಕತ್ತಿನೋ, ಒರಿಯಾಗಿಂದ ಹಿರಿಯೋ ಕತ್ತಿನೋ?"

ಜನ ಗೊಳ್ಳೆಂದಿತು. ಈ ಸಲದ ನಗು ಬೇರೆ ಕಡೆ ತಿರುಗಿತ್ತು. ಜಾಸ್ಮಿನ್ ಕೈಯೆತ್ತಿದಳು.

"ಮೊಬೈಲ್ ಎತ್ತಿದೋರು ಎತ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಶುರುವಿಂದ ಕಡೀತನಕ ಹಿಡೀಬೇಕು. ನಡುವ ಬಂದ್ ಮಾಡ್ದೋರು ಇಲ್ಲಿ ಬಂದು ನಿಂತು ಉಳಿದ ಕಥಿ ನೀವೇ ಹೇಳ್ಬೇಕು. ಒಪ್ಪಿಗಿ ಐತೇನು?"

"ಐತಿ!" ಎಂದವರು ಮೆಣಸಿನಕಾಯಿ ಮಾರುವ ಹೆಂಗಸರು. ಕೆಲವು ಮೊಬೈಲುಗಳು ಕೆಳಗಿಳಿದವು.

ಕಥೆ ಹೊನ್ನೂರವ್ವನದು; ತುಂಗಭದ್ರೆಯಲ್ಲಿ ಹರಿಗೋಲು ಹಾಕುವವಳು. ಆಚೆ ದಡದ ಭತ್ತ ದೋಚಲು ಪಾಳೇಗಾರನ ದಂಡು ಬಂದು ದಾಟಿಸೆನ್ನುತ್ತದೆ. ಅವಳು ಹತ್ತಿಸಿಕೊಂಡು ನಡುಹೊಳೆಯಲ್ಲಿ ಹರಿಗೋಲನ್ನು ಗಿರ್ರನೆ ತಿರುಗಿಸುತ್ತಾಳೆ. ಹೆದರಿದ ಸೈನಿಕರಾಗಿ ರೇಣುಕಾ ಅಂಗಲಾಚಬೇಕು. ಅವತ್ತು ಅವಳು ಕಲಿಯದ ಮಾತನ್ನೆಲ್ಲ ಆಡಿದಳು.

"ನನ್ನ ಬಿಡವ್ವಾ! ಮಂದಿ ಕೇಳ್ತಾರ, ನಾ ಹಾಕ್ತೀನಿ!"

"ನನ್ನ ಬಿಡವ್ವಾ! ಕಾಗದಕ್ಕ ನಿಮ್ಮಪ್ಪಂದೇ ಸೈ ಐತಿ!"

"ನನ್ನ ಬಿಡವ್ವಾ! ಸಾಹುಕಾರ ನಕ್ಕ, ಅದಕ್ಕ ನಾನೂ ನಕ್ಕೆ!"

ಜನ ನೆಲ ಬಡಿದು ನಗುತ್ತಿದ್ದರು. ಗುಂಪಿನ ಅಂಚಿನಲ್ಲಿ ಛತ್ರಿ ಹಿಡಿದು ನಿಂತಿದ್ದ ಜಂಬುನಾಥ ಮೇಷ್ಟ್ರನ್ನು ಜಾಸ್ಮಿನ್ ಆಗಲೇ ನೋಡಿದ್ದಳು. ಗಾದೆಮ್ಮ ತಾಳ ಏರಿಸಿದಳು. ಜಾಸ್ಮಿನ್ ತಿರುಗತೊಡಗಿದಳು. ಒಮ್ಮೆ ಎಡಗಾಲು ಚಾಪೆಯ ಮೇಲೆ ಜಾರಿತು. ಮೊಬೈಲುಗಳು ಚಕ್ಕನೆ ಮುಂದೆ ಬಂದವು. ಅವಳು ಮಂಡಿಯೂರಿ, ತಂಬೂರಿ ಬಿಡದೆ, ಕೂತಲ್ಲೇ ಮುಂದಿನ ಸಾಲು ಹಾಡಿದಳು:

"ಹುಟ್ಟು ನನ್ನ ಕೈಯಾಗೈತಿ, ಹೊಳಿ ನನ್ನ ಮಾತು ಕೇಳತೈತಿ, ನಿಮ್ಮ ಆಯುಧ ನೀರಿಗೆ ಬಿಡ್ರಲೇ!"

ಹಾಡುತ್ತಲೇ ಎದ್ದಳು. ಮುಗಿಯುವ ಹೊತ್ತಿಗೆ ಸಂತೆಯ ಅರ್ಧ ಅಲ್ಲಿತ್ತು.

ಜನ ಚೆದುರಿದ ಮೇಲೆ ಮೇಷ್ಟ್ರು ಹತ್ತಿರ ಬಂದರು. "ತಪ್ಪಾತು ಮಗಳೇ," ಎಂದರು. ಕಣ್ಣು ತುಂಬಿತ್ತು.

ಜಾಸ್ಮಿನ್‌ಗೆ ಪಾಪ ಅನ್ನಿಸಿತು. ಆದರೂ ಹೇಳಿದಳು: "ಇಲ್ಲಿ ಸಣ್ಣಗ ಹೇಳಿದ್ರ ಹೆಂಗ್ರಿ ಸರ? ಮೈಕಿನಾಗ ನಕ್ಕೀರಿ. ಮೈಕಿನಾಗ ಹೇಳ್ರಿ."

ಹದಿನೈದು ದಿನಕ್ಕೆ ಬಳ್ಳಾರಿಯಲ್ಲಿ ಸ್ಪರ್ಧೆಯ ಕೊನೆಯ ಸುತ್ತು. ಮೇಷ್ಟ್ರು ಮೈಕು ತೆಗೆದುಕೊಂಡು, ಸಿರುಗುಪ್ಪದ ಹುಡುಗಿ ಬಿದ್ದಾಗ ತಾವು ನಕ್ಕದ್ದು ಮುಂದಿನ ಸಾಲಿನವರನ್ನು ಮೆಚ್ಚಿಸಲಿಕ್ಕೆಂದೂ, ಅಂಥವನಿಗೆ ತೀರ್ಪು ಕೊಡುವ ಯೋಗ್ಯತೆ ಇಲ್ಲವೆಂದೂ ಹೇಳಿ ಕುರ್ಚಿ ಬಿಟ್ಟು ಇಳಿದುಹೋದರು. ಚಾನಲ್ಲಿನಲ್ಲಿ ಆ ಭಾಗ ಬರಲಿಲ್ಲ. ಅಷ್ಟು ಜನರಲ್ಲಿ ಒಬ್ಬರೂ ಅದನ್ನು ಮೊಬೈಲಿನಲ್ಲಿ ಹಿಡಿದಿರಲಿಲ್ಲ.

ಕುರುಗೋಡಿನ ಕಥೆಯನ್ನು ಪೂರ್ತಿ ಹಿಡಿದವರು ಮೂವರೇ. ಆ ವಿಡಿಯೋಗಳಲ್ಲೊಂದನ್ನು ರೇಣುಕಾ ತಂದು ಅಜರುದ್ದೀನನ ಕೈಗಿಟ್ಟಳು. ಅವನು ಕಂಪ್ಯೂಟರಿಗೆ ಹಾಕಿಕೊಂಡು ನೆಟ್ಟಿಗೂ ಏರಿಸಿದ. ಕತ್ತೆಯ ವಿಡಿಯೋ ಅಳಿಸಿದೆನೆಂದ, ನಿಜವೋ ಸುಳ್ಳೋ. ನೆಟ್ಟಿನಲ್ಲಂತೂ ಅದು ಹಾಗೇ ಉಳಿಯಿತು. ಅದನ್ನು ನೋಡಿದವರು ಸಾವಿರಗಟ್ಟಲೆ, ಪೂರ್ತಿ ಕಥೆ ನೋಡಿದವರು ಇನ್ನೂರೈವತ್ತು ಮಂದಿ. ಹೆಸರು, ಊರು ಬರೆಯಿರಿ ಎಂದದ್ದಕ್ಕೆ ಬಳ್ಳಾರಿ ಹುಲಿಯಾಗಲಿ ಬೇರೆ ಯಾರಾಗಲಿ ಉತ್ತರ ಬರೆಯಲಿಲ್ಲ.

ಆ ಬೇಸಿಗೆಯಲ್ಲಿ ಮೂವರೂ ಆರು ಊರಿನಲ್ಲಿ ಹೊನ್ನೂರವ್ವನ ಕಥೆ ಹೇಳಿದರು. ಎರಡು ಊರಿನಲ್ಲಿ ಹುಡುಗರು ಕತ್ತೆಯಂತೆ ಅರಚಿದರು. ಎರಡೂ ಕಡೆ ಜಾಸ್ಮಿನ್ ಕಥೆ ನಿಲ್ಲಿಸಿ, ಅರಚಿದವನು ಮುಂದೆ ಬಂದು ತನ್ನ ಹೆಸರು ಹೇಳುವ ತನಕ ಸುಮ್ಮನೆ ಕಾದು ನಿಂತಳು. ಒಂದು ಊರಿನಲ್ಲಿ ಅರ್ಧ ಗಂಟೆ ಹಿಡಿಯಿತು. ಜನ ಎದ್ದು ಹೋಗಲಿಲ್ಲ. ಅವನನ್ನು ಹುಡುಕಿ ಮುಂದಕ್ಕೆ ತಂದರು.